ಮೇಷ್ಟ್ರು ಕೊಟ್ಟು ಹೋದ ಎಲುಬುಗಳು

ಆ ಚಳಿಗಾಲ ಯೆರೆವಾನಿನಲ್ಲಿ ಮೈಮೇಲೆ ಮಾಂಸವಿದ್ದವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಆದ್ದರಿಂದ ಡಾಕ್ಟರ್ ಶಾಬಾಜ್ಯಾನ್ ಮಾಡಿಕೊಂಡಿದ್ದ ಉಪಾಯ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ವಿಶ್ವವಿದ್ಯಾಲಯ ಹುಟ್ಟಿ ಮೂರು ವರ್ಷವಾಗಿತ್ತು. ವೈದ್ಯ ವಿಭಾಗಕ್ಕೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಶರೀರರಚನೆಯ ಪಾಠಕ್ಕೆ ಬೇಕಾದ ಅಸ್ಥಿಪಂಜರವಿರಲಿಲ್ಲ, ಜರ್ಮನಿಯಿಂದ ತರಿಸುವ ಮಾತು ಕನಸಿನ ಮಾತು. ಡಾಕ್ಟರು ಲೋರಿ ಸೀಮೆಯ ಗರ್ಸೆವಾನ್ ಎಂಬ ಹುಡುಗನನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ಕುರಿತೊಗಲಿನ ಕೋಟನ್ನೂ ಅಂಗಿಯನ್ನೂ ಬಿಚ್ಚಿಸಿ, "ಹೈಕಾನುಷ್, ನೀನು ಬಾ. ಪಕ್ಕೆಲುಬು ಎಣಿಸು" ಎಂದರು.

"ಬೇಗ ಎಣಿಸು ತಾಯಿ," ಎಂದ ಗರ್ಸೆವಾನ್, ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ಹೆಪ್ಪುಗಟ್ಟಿ ಸತ್ರೆ ಈ ವಿಭಾಗಕ್ಕೆ ಇರೋ ಒಂದೇ ಒಂದು ಪಾಠದ ಸಾಮಾನು ಹಾಳಾಗುತ್ತೆ."

ಎಲ್ಲರೂ ನಕ್ಕರು. ಹೈಕಾನುಷ್ ನಗಲಿಲ್ಲ. ಬೆರಳು ಮರಗಟ್ಟಿದ್ದರೂ ಒಂದೊಂದನ್ನೇ ಮುಟ್ಟಿ, ಹೆಸರು ಹೇಳಿ, ಎಣಿಸಿ ತನ್ನ ಜಾಗಕ್ಕೆ ಹೋಗಿ ಕೂತಳು. ಅವಳು ಸುಲಭಕ್ಕೆ ನಗುವವಳಲ್ಲ ಎಂಬುದು ತರಗತಿಗೆಲ್ಲ ಗೊತ್ತಿತ್ತು. "ವಾನ್‌ನವರು ನಗುವನ್ನೂ ಕೂಡಿಡ್ತಾರೆ, ಖರ್ಚು ಮಾಡಲ್ಲ" ಎಂದು ಗರ್ಸೆವಾನ್ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ. ಮುಂದೆಯೂ ಆಡುತ್ತಿದ್ದ.

ಅವಳು ವಾನ್ ಊರಿನ ತೋಟಗಳ ಕೇರಿಯಲ್ಲಿ ಬೆಳ್ಳಿ ಕೆಲಸದವನೊಬ್ಬನ ಮಗಳಾಗಿ ಹುಟ್ಟಿದ್ದಳು. ಹದಿಮೂರರ ಹುಡುಗಿಯಾಗಿದ್ದಾಗ, ಸಾವಿರದ ಒಂಬೈನೂರ ಹದಿನೈದನೆಯ ಇಸವಿಯ ಬೇಸಿಗೆಯಲ್ಲಿ, ಊರನ್ನು ಕಾಯುತ್ತಿದ್ದ ರಷ್ಯದ ದಂಡು ಹಿಂದೆ ಸರಿಯಿತು. ಶತ್ರು ಬಂದಾನೆಂದು ಅದರ ಬೆನ್ನಿಗೇ ಇಡೀ ಊರು ಒಲೆಯ ಮೇಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಉತ್ತರಕ್ಕೆ ನಡೆಯಿತು. ಅಪ್ಪ ಅದಕ್ಕೂ ಮೊದಲೇ ಊರ ಕಾವಲಿನಲ್ಲಿ ಸತ್ತಿದ್ದ. ಬೆರ್ಕ್ರಿ ಕಣಿವೆಯಲ್ಲಿ ಮೇಲಿನಿಂದ ಗುಂಡು ಬಿದ್ದಾಗ ಜನ ಸೇತುವೆಯ ಮೇಲೆ ಒಬ್ಬರನ್ನೊಬ್ಬರು ತುಳಿದರು, ಪುಟ್ಟ ತಮ್ಮ ಅಮ್ಮನ ತೋಳಿನಿಂದ ಹೊಳೆಗೆ ಜಾರಿದ. ಅಮ್ಮ ಎಚ್ಮಿಯಾಜಿನ್ ಮಠದ ಗೋಡೆಯ ಬುಡದವರೆಗೆ ಬಂದು ಅಲ್ಲಿ ಭೇದಿಯಿಂದ ಮಲಗಿದಳು. ಹೈಕಾನುಷ್ ಹತ್ತಿರದ ಕಾಲುವೆಯಿಂದ ಬೊಗಸೆ ಬೊಗಸೆ ನೀರು ತಂದು ಕುಡಿಸಿದಳು. ಆ ನೀರೇ ಅಮ್ಮನನ್ನು ಕೊಂದಿರಬೇಕು ಎಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಪಾಠದ ಕೋಣೆಯಲ್ಲಿ. ವೈದ್ಯೆಯಾಗಬೇಕೆಂದು ಏಕೆ ಅನ್ನಿಸಿತು ಎಂದು ಯಾರಾದರೂ ಕೇಳಿದರೆ ಅವಳು ಉತ್ತರ ಹೇಳುತ್ತಿರಲಿಲ್ಲ.

ಆಮೇಲೆ ಅಲೆಕ್ಸಾಂದ್ರಪೋಲಿನ ಅನಾಥಾಲಯ. ಸಾವಿರಾರು ಮಕ್ಕಳಿದ್ದ ಆ ಮನೆಯಲ್ಲಿ ದೊಡ್ಡ ಹುಡುಗಿಯರೇ ಚಿಕ್ಕವರಿಗೆ ತಾಯಂದಿರು. ಇಪ್ಪತ್ತನೆಯ ಇಸವಿಯ ಜನವರಿ ಕೊನೆಯ ದಿನ ಆ ಊರಿನ ವಾಣಿಜ್ಯ ಶಾಲೆಯ ಕಟ್ಟಡದಲ್ಲಿ ನಾಡಿನ ಮೊದಲ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ರಾಜಧಾನಿ ಯೆರೆವಾನಿನಲ್ಲಿ ಅದಕ್ಕೆ ತಕ್ಕ ಕಟ್ಟಡವೇ ಸಿಕ್ಕಿರಲಿಲ್ಲ. ದೇಶ ಅಂದರೆ ನಿರಾಶ್ರಿತರು, ಹಸಿವು, ಜ್ವರ ಎಂಬಂತಿದ್ದ ಕಾಲದಲ್ಲಿ ಇದೆಂಥ ಹುಚ್ಚು ಎಂದವರಿದ್ದರು. ಹಾಗೆಂದವರೂ ಅಂದು ಹಿಮದಲ್ಲಿ ನಿಂತು ಕಣ್ಣೊರೆಸಿಕೊಂಡರು. ಹೈಕಾನುಷ್ ಅನಾಥಾಲಯದ ಮಕ್ಕಳ ಸಾಲಿನ ಕೊನೆಯಲ್ಲಿದ್ದಳು. ಮಕ್ಕಳನ್ನು ಮನೆಗೆ ಸೇರಿಸಿ, ಮಾರನೆಯ ಬೆಳಗ್ಗೆ ಒಬ್ಬಳೇ ಹೋಗಿ ಗುಮಾಸ್ತನ ಮೇಜಿನ ಮುಂದೆ ನಿಂತಳು.

"ಶಾಲೆ ಮುಗಿಸಿದ ಪತ್ರ ಎಲ್ಲಿ?"

"ವಾನ್‌ನಲ್ಲಿದೆ."

"ವಾನ್‌ನಲ್ಲಿದ್ರೆ ನಾನೇನಮ್ಮ ಮಾಡ್ಲಿ?"

"ನಾನೂ ಅದನ್ನೇ ಕೇಳ್ತಿದೀನಿ," ಎಂದಳು.

ಆ ಕೋಣೆಯಲ್ಲಿ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಿದ್ದ ಹಿರಿಯ ಅಧ್ಯಾಪಕರೊಬ್ಬರು ತಿರುಗಿ ಅವಳನ್ನು ನೋಡಿದರು. ಹಳೆಯ ಗ್ರಂಥಭಾಷೆಯ ನಾಲ್ಕು ಸಾಲು ಹೇಳಿಸಿದರು, ವ್ಯಾಕರಣ ಕೇಳಿದರು. "ಸೇರಿಸ್ಕೊಳ್ಳಯ್ಯ," ಎಂದರು ಗುಮಾಸ್ತನಿಗೆ. "ಇಲ್ಲಿ ಯಾರ ಪತ್ರ ತಾನೇ ಉಳಿದಿದೆ?"

ಆ ವರ್ಷ ಚಳಿ ಬರುವ ಹೊತ್ತಿಗೆ ಮತ್ತೆ ಯುದ್ಧ ಬಂತು, ಅಲೆಕ್ಸಾಂದ್ರಪೋಲ್ ಶತ್ರುವಿನ ಕೈಸೇರಿತು. ವಿಶ್ವವಿದ್ಯಾಲಯ ಯೆರೆವಾನಿಗೆ ಬಂತು. ದೇಶದ ಬಾವುಟ ಕೆಂಪಾಯಿತು, ವಿಶ್ವವಿದ್ಯಾಲಯದ ಹೆಸರು ಬದಲಾಯಿತು, ತರಗತಿ ಮತ್ತೆ ಶುರುವಾಯಿತು. ವೈದ್ಯ ವಿಭಾಗ ತೆರೆಯುತ್ತಾರೆಂದು ಕೇಳಿದ ದಿನವೇ ಹೈಕಾನುಷ್ ಭಾಷೆ ಇತಿಹಾಸಗಳನ್ನು ಬಿಟ್ಟು ಅಲ್ಲಿಗೆ ಹಾರಿದಳು.

ಯೆರೆವಾನಿನಲ್ಲಿ ಅವಳಿಗೆ ಒಬ್ಬರೇ ಸ್ವಂತದವರು ಮತ್ತೆ ಸಿಕ್ಕಿದರು. ವಾನ್‌ನ ಕೇರಿ ಶಾಲೆಯಲ್ಲಿ ಅವಳಿಗೆ ಅಕ್ಷರ ಕಲಿಸಿದ್ದ ಮಾನ್ವೆಲ್ ಮೇಷ್ಟ್ರು. ಕೋಂದ್ ಗುಡ್ಡದ ಮೇಲಿನ ಒಂದು ನೆಲಮಾಳಿಗೆಯಲ್ಲಿ, ಇನ್ನೆರಡು ನಿರಾಶ್ರಿತ ಸಂಸಾರಗಳ ನಡುವೆ, ಒಂದು ಮೂಲೆಯಲ್ಲಿ ಅವರ ಹಾಸಿಗೆ. ಕಣ್ಣಿನ ರೋಗದಿಂದ ದೃಷ್ಟಿ ಪೂರ್ತಿ ಹೋಗಿತ್ತು. ಎಡಗಾಲು ಗಿಡ್ಡವಾಗಿತ್ತು. ಆದರೂ ಕೇರಿಯ ಮಕ್ಕಳಿಗೆ ಬಾಯಲ್ಲೇ ಮಗ್ಗಿ ಹೇಳಿಕೊಟ್ಟು, ಅವರ ತಾಯಂದಿರು ಕೊಟ್ಟ ಲವಾಷ್ ರೊಟ್ಟಿಯಲ್ಲಿ ದಿನ ನೂಕುತ್ತಿದ್ದರು. ಭಾನುವಾರ ಹೈಕಾನುಷ್ ಹೋಗಿ ಅವರ ಬಟ್ಟೆ ಒಗೆದು, ಮೊಸರಿನ ಸಾರು ಕಾಯಿಸಿ, ವಾರದ ಪಾಠವನ್ನೆಲ್ಲ ಒಪ್ಪಿಸಬೇಕು. ಅದು ಅವರ ಹಟ.

"ಇವತ್ತೇನು ಕಲಿಸಿದ್ರು ನಿಮ್ ಡಾಕ್ಟ್ರು?"

"ಭುಜದ ಮೂಳೆ, ಮೇಷ್ಟ್ರೇ. ಹಲಗೆ ಮೇಲೆ ಬರೆದು ತೋರಿಸಿದ್ರು."

"ಬರೆದು ತೋರಿಸಿದ್ರಾ? ಮೂಳೆ ತೋರಿಸಲಿಲ್ವಾ?"

"ಎಲ್ಲಿಂದ ತರ್ತಾರೆ? ನಮ್ಮಲ್ಲಿ ಅಸ್ಥಿಪಂಜರ ಇಲ್ಲ."

ಮೇಷ್ಟ್ರು ಸಾರು ಕುಡಿಯುವುದನ್ನು ನಿಲ್ಲಿಸಿದರು. "ಈಜು ಕಲಿಸೋಕೆ ಹೊಳೆ ಚಿತ್ರ ಬರೆದ ಹಾಗಾಯ್ತು," ಎಂದರು. ಆಮೇಲೆ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮುಂದಿನ ಭಾನುವಾರ ಅವಳು ಬಟ್ಟೆ ಹಿಂಡುತ್ತಿದ್ದಾಗ, ಹವಾಮಾನದ ಸುದ್ದಿ ಹೇಳುವವರ ಹಾಗೆ ಅವರು ಹೇಳಿದರು: "ಹೈಕೋ, ನಂದನ್ನ ತಗೊಳ್ಳಿ."

"ಏನನ್ನ?"

"ಎಲುಬನ್ನ. ನಾನು ಹೋದ್ಮೇಲೆ. ಇನ್ನೇನು, ವಸಂತ ನೋಡ್ತೀನೋ ಇಲ್ವೋ. ಎತ್ತರದ ಆಳು ನಾನು, ಹಿಂದಿನ ಬೆಂಚಿಗೂ ಕಾಣುತ್ತೆ."

ಒದ್ದೆ ಬಟ್ಟೆ ಅವಳ ಕೈಯಿಂದ ನೆಲಕ್ಕೆ ಬಿತ್ತು. ಇಂಥ ಮಾತು ಆಡಿದರೆ ಇನ್ನು ಈ ಕಡೆ ಬರುವುದೇ ಇಲ್ಲ ಎಂದಳು. ಆದರೂ ಅವಳು ಬಂದೇ ಬಂದಳು, ಅವರು ಹೇಳಿಯೇ ಹೇಳಿದರು. ಕೊನೆಗೆ ಕೇರಿಯ ಹೆಂಗಸೊಬ್ಬಳ ಕೈಲಿ ಡಾಕ್ಟರಿಗೇ ಹೇಳಿಕಳಿಸಿದರು.

ಡಾಕ್ಟರ್ ಶಾಬಾಜ್ಯಾನ್ ದೊಡ್ಡ ಊರುಗಳಲ್ಲಿ ಓದಿ ಬಂದವರು. ದೂರದ ಆಸ್ಪತ್ರೆಯೊಂದರಲ್ಲಿ ಬೆಚ್ಚಗಿದ್ದ ಕೆಲಸ ಬಿಟ್ಟು, ತಾಯ್ನುಡಿಯಲ್ಲಿ ವೈದ್ಯಶಾಸ್ತ್ರ ಕಲಿಸಬೇಕೆಂದು ಈ ಬಡ ಊರಿಗೆ ಬಂದಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ನೆಲಮಾಳಿಗೆಗೆ ಇಳಿದು, ತೋರಿಸಿದ ಮಣೆಯ ಮೇಲೆ ಕೂತರು. ಒಲೆಯ ಹತ್ತಿರ ಕೇರಿಯ ಪಾದ್ರಿ ದೇರ್ ಅರಿಸ್ತಾಕೆಸ್ ಆಗಲೇ ಕೂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಮಾನ್ವೆಲ್, ಇದು ತಪ್ಪು," ಎಂದರು ಪಾದ್ರಿ. "ಮಣ್ಣಿಗೆ ಸೇರಬೇಕಾದ್ದು ಮಣ್ಣಿಗೆ ಸೇರಬೇಕು. ಕೊನೇ ದಿನ ತುತೂರಿ ಊದಿದಾಗ ಎಲ್ಲರೂ ಸಮಾಧಿಯಿಂದ ಏಳ್ತಾರೆ. ನೀನೆಲ್ಲಿಂದ ಏಳ್ತೀಯ?"

"ವಾನ್ ದಾರೀಲಿ ಬಿದ್ದವರು ಎಲ್ಲಿಂದ ಏಳ್ತಾರೆ, ಪಾದ್ರಿಗಳೇ?"

ಪಾದ್ರಿ ಒಲೆಯ ಕೆಂಡ ಕೆದಕಿದರು. ಅವರ ಹೆಂಡತಿ ಮಕ್ಕಳೂ ಅದೇ ದಾರಿಯಲ್ಲಿ ಬಿದ್ದಿದ್ದರು.

"ಅವರನ್ನ ದೇವರು ಹೊಳೆ ಹಳ್ಳ ಎಲ್ಲಾ ಹುಡುಕಿ ಒಟ್ಟು ಮಾಡ್ಬೇಕು. ಪಾಪ, ಅವನಿಗೂ ಕಷ್ಟ. ನಾನಾದ್ರೆ ಒಂದೇ ಕಡೆ ನಿಂತಿರ್ತೀನಿ, ಅದೂ ವಿಶ್ವವಿದ್ಯಾಲಯದಲ್ಲಿ. ವಿಳಾಸ ಹೇಳಿದ್ರೆ ಯಾರು ಬೇಕಾದ್ರೂ ತೋರಿಸ್ತಾರೆ."

ಡಾಕ್ಟರು ಮೆಲ್ಲಗೆ, "ಮೇಷ್ಟ್ರೇ, ಯಾಕೆ? ಹೇಳಿ, ನನಗೂ ತಿಳೀಲಿ" ಎಂದರು.

"ಯಾಕೆ ಅಂದ್ರೆ, ನಂಗೆ ಬೇರೆ ಏನೂ ಬರಲ್ಲ ಡಾಕ್ಟ್ರೇ. ಪಾಠ ಹೇಳೋದೊಂದೇ ಬರೋದು. ನಲವತ್ತು ಜನ ಶಿಷ್ಯರಿದ್ರು ಕೊನೇ ವರ್ಷ. ಈ ಹುಡುಗಿ ಒಬ್ಬಳು ಉಳಿದಿದಾಳೆ. ಇನ್ನೊಂದಷ್ಟು ಮಕ್ಕಳಿಗೆ ಹೇಳಿಕೊಡೋ ಆಸೆ ಇದೆ, ಅಷ್ಟೆ."

ಕೊನೆಗೆ ಪಾದ್ರಿಯೇ ದಾರಿ ಹುಡುಕಿದರು. ಎಲುಬು ಡಾಕ್ಟರಿಗೆ, ಉಳಿದ ದೇಹ ತಮಗೆ. ಕೊಜೆರ್ನ್ ಸ್ಮಶಾನದಲ್ಲಿ ಶಾಸ್ತ್ರೋಕ್ತವಾಗಿ ಹೂಳುತ್ತೇನೆ, ಪ್ರಾರ್ಥನೆಯಲ್ಲಿ ಒಂದು ಅಕ್ಷರವನ್ನೂ ಬಿಡುವುದಿಲ್ಲ ಎಂದರು. ಹೈಕಾನುಷಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಕೈಚಾಚಿ ಅವಳ ತಲೆ ಹುಡುಕಿ ಮುಟ್ಟಿದರು.

"ಸಿಟ್ಟಾ ಮಗಳೇ?"

"ನನಗೆ ನೀವೊಬ್ರೇ ಇರೋದು," ಎಂದಳು. "ನಿಮಗಾದ್ರೂ ಒಂದು ಗೋರಿ ಕಟ್ಟಿಸ್ಬೇಕು ಅಂತಿದ್ದೆ."

ಏಪ್ರಿಕಾಟ್ ಹೂ ಉದುರುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ಜ್ವರ ಬಂದದ್ದು ಎರಡೇ ದಿನ. ಪಾದ್ರಿ ಮಾತಿಗೆ ತಪ್ಪಲಿಲ್ಲ. ಚಿಕ್ಕ ಪೆಟ್ಟಿಗೆಯೊಂದನ್ನು ಹೂಳಿ, ದೊಡ್ಡ ಶವಕ್ಕೆ ಹೇಳುವಷ್ಟೇ ಪ್ರಾರ್ಥನೆ ಹೇಳಿದರು. ಆ ವರ್ಷ ಉಳಿದ ತಿಂಗಳು ನೀನು ನನ್ನ ತರಗತಿಗೆ ಬರಬೇಡ ಎಂದು ಡಾಕ್ಟರು ಹೈಕಾನುಷಳಿಗೆ ಹೇಳಿದರು. ಅವಳು ಮರುಮಾತಾಡದೆ ರಸಾಯನಶಾಸ್ತ್ರದ ಕೋಣೆಯಲ್ಲಿ ಬಾಟಲಿ ತೊಳೆಯುತ್ತ ಕಾಲ ಕಳೆದಳು.

ಶರತ್ಕಾಲದಲ್ಲಿ ಮತ್ತೆ ಆ ಬಾಗಿಲು ದಾಟಲೇಬೇಕಾಯಿತು. ಕಿಟಕಿಯ ಪಕ್ಕದಲ್ಲಿ ಕಬ್ಬಿಣದ ಸರಳಿಗೆ ಕಟ್ಟಿ ನಿಲ್ಲಿಸಿದ್ದರು. ಬಿಸಿಲು ಪಕ್ಕೆಲುಬುಗಳ ಸಂದಿನಿಂದ ಹಾದು ನೆಲದ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ತಲೆಬುರುಡೆಯ ಮೇಲೆ ಗರ್ಸೆವಾನ್ ತನ್ನ ಕುರಿತೊಗಲಿನ ಟೋಪಿ ಇಟ್ಟಿದ್ದ. ಹೊಸ ಹುಡುಗರನ್ನು ಸುತ್ತ ಸೇರಿಸಿಕೊಂಡು, "ನೋಡ್ರಪ್ಪ, ಅಂತೂ ನಂಗೆ ಬಿಡುಗಡೆ ಆಯ್ತು. ಇವರಿಗೆ ಚಳಿ ಆಗಲ್ಲ, ಹಸಿವಾಗಲ್ಲ, ನನಗಿಂತ ವಾಸಿ" ಎನ್ನುತ್ತಿದ್ದ.

ಹೈಕಾನುಷ್ ನೇರ ಹೋಗಿ ಟೋಪಿ ತೆಗೆದು ಅವನ ಎದೆಗೆ ಒತ್ತಿದಳು.

"ಏನಾಯ್ತು ತಾಯಿ? ತಮಾಷೆಗೆ..."

"ಇವರು ನಮ್ಮ ಮೇಷ್ಟ್ರು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಸುಣ್ಣವಾಯಿತು. ಮರುದಿನದಿಂದ ಆ ಕೋಣೆಗೆ ಬರುವಾಗ ಬಾಗಿಲಲ್ಲೇ ಟೋಪಿ ತೆಗೆಯುತ್ತಿದ್ದ. ಇತರರೂ ತೆಗೆಯತೊಡಗಿದರು. ಕಾರಣ ಕೇಳಿದವರಿಗೆ ಅವನು ಹೇಳಲಿಲ್ಲ.

ಪರೀಕ್ಷೆಯ ದಿನ ಬಂತು. ಒಬ್ಬೊಬ್ಬರನ್ನೇ ಒಳಗೆ ಕರೆದು ಡಾಕ್ಟರು ಮೌಖಿಕವಾಗಿ ಕೇಳುತ್ತಿದ್ದರು. ಹೈಕಾನುಷಳ ಸರದಿ ಬಂದಾಗ ಅವರು ಮೇಜಿನ ಮೇಲಿದ್ದ ಚಿತ್ರಗಳನ್ನು ಅವಳ ಕಡೆಗೆ ತಳ್ಳಿದರು. "ನೀನು ಇದರಲ್ಲೇ ತೋರಿಸು. ಸಾಕು."

"ಬೇಡ ಡಾಕ್ಟ್ರೇ. ಎಲ್ಲರಿಗೂ ಕೇಳಿದ ಹಾಗೇ ಕೇಳಿ."

ಅವರು ಅವಳನ್ನೇ ನೋಡಿದರು. ಆಮೇಲೆ ತಲೆಯಿಂದ ಶುರುಮಾಡಿದರು. ಅವಳು ಮೂಳೆ ಮೂಳೆಯನ್ನೂ ಮುಟ್ಟಿ, ಹೆಸರು, ಅಂಚು, ಕುಳಿ, ಯಾವ ಮಾಂಸಖಂಡ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದನ್ನೆಲ್ಲ ಹೇಳುತ್ತ ಕೆಳಗಿಳಿದಳು. ಕಣಕಾಲಿಗೆ ಬಂದಾಗ ಡಾಕ್ಟರೇ ತಡವರಿಸಿದರು. "ಎಡಗಾಲು... ಬೇಕಾದ್ರೆ ಬಿಡು."

ಅವಳು ಮೊಣಕಾಲೂರಿ ಕೂತು ಆ ಮೂಳೆಯ ಮೇಲೆ ಬೆರಳೋಡಿಸಿದಳು. "ಕಣಕಾಲಿನ ದೊಡ್ಡ ಮೂಳೆ. ಕೆಳಭಾಗದಲ್ಲಿ ಓರೆಯಾಗಿ ಮುರಿದಿದೆ. ತುದಿಗಳು ಒಂದರ ಮೇಲೊಂದು ಏರಿ ಕೂಡಿಕೊಂಡಿವೆ, ಹಾಗಾಗಿ ಕಾಲು ಗಿಡ್ಡ. ಸರಿಯಾಗಿ ಕಟ್ಟಿಲ್ಲ, ವಿಶ್ರಾಂತಿ ಕೊಟ್ಟಿಲ್ಲ. ಮುರಿದ ಮೇಲೂ ಈ ಕಾಲಿನ ಮೇಲೆ ನಡೆದಿದಾರೆ."

"ಮುರಿದದ್ದು ಹೇಗೆ ಅಂತ ಮೂಳೆಯಿಂದ ಹೇಳಬಹುದಾ?" ಎಂದು ಡಾಕ್ಟರು ಕೇಳಿದರು. ಅದು ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಪ್ರಶ್ನೆ. ಬಾಯಿಂದ ಜಾರಿದ ಮೇಲೆ ಅವರಿಗೆ ಕೆಡುಕೆನಿಸಿತು.

"ಮೂಳೆಯಿಂದ ಇಷ್ಟೇ ಹೇಳಬಹುದು: ಪಕ್ಕದಿಂದ ಭಾರವಾದದ್ದು ಹಾದುಹೋಗಿದೆ," ಎಂದಳು. "ಗಾಡಿ ಚಕ್ರ. ಬೆರ್ಕ್ರಿ ಸೇತುವೆ ಹತ್ತಿರ ಹೊಳೆಗಿಳಿದು ಮಕ್ಕಳನ್ನ ಎತ್ತಿ ದಡಕ್ಕೆ ಹಾಕ್ತಿದ್ರು. ನನ್ನ ತಮ್ಮ ಕೈಗೆ ಸಿಗಲಿಲ್ಲ, ನಾನು ಸಿಕ್ಕೆ. ನನ್ನನ್ನ ದಡಕ್ಕೆ ದೂಡಿದ ಮೇಲೆ, ಹೊಳೆ ದಾಟ್ತಿದ್ದ ಗಾಡಿ ಅವರ ಮೇಲೆ ಬಂತು. ಅಲ್ಲಿಂದ ಗಡಿ ದಾಟಿ ಇಗ್ದೀರ್ ಊರಿನ ತನಕ ನನ್ನ ಕೈ ಹಿಡ್ಕೊಂಡು ನಡೆದ್ರು."

ಡಾಕ್ಟರ್ ಶಾಬಾಜ್ಯಾನ್ ಎದ್ದು ಕಿಟಕಿಯ ಹತ್ತಿರ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತರು. ತಿರುಗದೆ, "ಪಾದದ ಮೂಳೆಗಳು ಉಳಿದಿವೆ, ಮುಂದುವರಿಸು" ಎಂದರು. ಅವಳು ಮುಂದುವರಿಸಿ ಮುಗಿಸಿದಳು.

ವೈದ್ಯೆಯಾದ ಮೇಲೆ ಅವಳನ್ನು ಅರಾರತ್ ಬಯಲಿನ ಜೌಗು ಹಳ್ಳಿಗಳಿಗೆ ಕಳಿಸಿದರು. ಅಲ್ಲಿ ಮಲೇರಿಯ ಮನೆಮನೆಯ ನೆಂಟ. ಕುದುರೆಯ ಮೇಲೆ ಕ್ವಿನೈನ್ ಚೀಲ ಹೊತ್ತು ಊರೂರು ಸುತ್ತಿದಳು. ನೀರು ಕಾಯಿಸಿ ಕುಡಿಯಿರಿ ಎಂದು ಹೆಂಗಸರಿಗೆ ಹೇಳುವಾಗ ಅವಳ ದನಿ ಎಷ್ಟು ಗಡುಸಾಗುತ್ತಿತ್ತೆಂದರೆ, "ಡಾಕ್ಟ್ರಮ್ಮ ಬಂದ್ರೆ ಹೊಳೆಯೂ ಕುದಿಯುತ್ತೆ" ಎಂದು ಅಲ್ಲಿನವರು ಆಡಿಕೊಳ್ಳುತ್ತಿದ್ದರು. ಅಲ್ಲಿಗೇ ಒಂದು ದಿನ ಗರ್ಸೆವಾನ್ ಬಂದ. ಅವನಾಗ ಶಸ್ತ್ರವೈದ್ಯ. ಬಾಗಿಲಲ್ಲೇ ಟೋಪಿ ತೆಗೆದು ನಿಂತು, "ನನ್ನ ಪಕ್ಕೆಲುಬನ್ನ ನಿನ್ನಷ್ಟು ಚೆನ್ನಾಗಿ ಬಲ್ಲವರು ಈ ದೇಶದಲ್ಲಿ ಇಲ್ಲ. ಬೇರೆ ಯಾರನ್ನ ಮದುವೆಯಾಗ್ಲಿ ಹೇಳು" ಎಂದ. ಅವಳು ನಕ್ಕಳು. ಅವಳು ಬಾಯ್ತುಂಬ ನಕ್ಕದ್ದನ್ನು ತಾನು ಕಂಡದ್ದು ಅದೇ ಮೊದಲು ಎಂದು ಅವನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮೂವತ್ತನೆಯ ಇಸವಿಯ ಸುಮಾರಿಗೆ ಮರ ಕವಲೊಡೆಯುವ ಹಾಗೆ ವಿಶ್ವವಿದ್ಯಾಲಯ ಕವಲೊಡೆಯಿತು. ವೈದ್ಯ ವಿಭಾಗ ಬೇರೆಯೇ ಸಂಸ್ಥೆಯಾಯಿತು. ಬೇಸಾಯ, ಯಂತ್ರವಿದ್ಯೆ, ಶಿಕ್ಷಕರ ತರಬೇತಿ ಎಲ್ಲಕ್ಕೂ ಒಂದೊಂದು ಮನೆಯಾಯಿತು. ಡಾಕ್ಟರ್ ಶಾಬಾಜ್ಯಾನ್ ಹಳ್ಳಿಯಿಂದ ಹೈಕಾನುಷಳನ್ನು ಕರೆಸಿ ಶರೀರರಚನೆಯ ಅಧ್ಯಾಪಕಿ ಮಾಡಿದರು. ಇಬ್ಬರೂ ಸೇರಿ ತಾಯ್ನುಡಿಯಲ್ಲಿ ಪಠ್ಯ ಬರೆದರು. ಒಂದೊಂದು ಪದಕ್ಕೂ ಜಗಳ. ಹಳೆಯ ಗ್ರಂಥಗಳಿಂದ ಪದ ತರಬೇಕೆಂದು ಅವರು, ಕಟುಕನಿಗೂ ಸೂಲಗಿತ್ತಿಗೂ ತಿಳಿಯುವ ಪದವಿರಲೆಂದು ಇವಳು. ಕೊನೆಗೆ ಪುಸ್ತಕದಲ್ಲಿ ಎರಡೂ ಬಗೆಯವು ಸೇರಿಕೊಂಡವು.

ಮೂವತ್ತೇಳನೆಯ ಇಸವಿಯಲ್ಲಿ ಗುಪ್ತ ಪೊಲೀಸರು ಡಾಕ್ಟರನ್ನು ಕರೆದೊಯ್ದರು. ಮನೆಯಿಂದಲ್ಲ, ತರಗತಿಯಿಂದಲೂ ಅಲ್ಲ. ಊಟಕ್ಕೆಂದು ಹೊರಟವರು ಮರಳಲಿಲ್ಲ. ಅದಾದ ಮೇಲೆ ಅಧ್ಯಾಪಕರ ಸಭೆ ಕರೆದು, ಅವರು ಜನದ್ರೋಹಿ ಎಂಬ ನಿರ್ಣಯವನ್ನು ಓದಿದರು. ಒಪ್ಪುವವರು ಕೈ ಎತ್ತಬೇಕಿತ್ತು. ಕೈಗಳೆಲ್ಲ ಮೇಲೆದ್ದವು.

"ಕಾಮ್ರೇಡ್ ಹೈಕಾನುಷ್, ಕೈ ನೋವಾ?" ಎಂದರು ಸಭೆ ನಡೆಸುತ್ತಿದ್ದವರು.

"ಇಲ್ಲ. ಕೈ ಚೆನ್ನಾಗಿದೆ."

"ಮತ್ತೆ?"

"ಎತ್ತಲ್ಲ."

ಆ ಸಂಜೆ ಮನೆಯಲ್ಲಿ ಗರ್ಸೆವಾನ್ ಪುಟ್ಟ ಮಗಳು ಸೀರ್ವಾರ್ದಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ದಾರಿ ಕಾಯುತ್ತಿದ್ದ. ಸುದ್ದಿ ಅವನಿಗೆ ಆಗಲೇ ತಲುಪಿತ್ತು.

"ಒಂದು ಕೈ, ಹೈಕೋ. ಒಂದು ಕ್ಷಣ. ಅವರಿಗಂತೂ ಅದರಿಂದ ಏನೂ ಆಗ್ತಿರಲಿಲ್ಲ. ಈ ಮಗೂಗೆ ಆಗುತ್ತೆ."

"ಗೊತ್ತು."

"ಗೊತ್ತಿದ್ದೂ?"

"ಎತ್ತೋಣ ಅಂತಾನೇ ಹೋಗಿದ್ದೆ ಗರ್ಸೆವಾನ್. ಏಳಲಿಲ್ಲ," ಎಂದಳು. ಅವನು ಎದ್ದು, ಕರೆದೊಯ್ಯಲು ಬಂದರೆ ಕೈಗೆ ಸಿಗಲೆಂದು ಚಳಿಯ ಬಟ್ಟೆಗಳ ಗಂಟೊಂದನ್ನು ಕಟ್ಟಿ ಬಾಗಿಲ ಹತ್ತಿರ ಇಟ್ಟ. ಆ ಕಾಲದಲ್ಲಿ ಬಹಳ ಮನೆಗಳ ಬಾಗಿಲಲ್ಲಿ ಅಂಥ ಗಂಟಿರುತ್ತಿತ್ತು.

ಪೊಲೀಸರು ಬರಲಿಲ್ಲ. ಏಕೆ ಬರಲಿಲ್ಲವೆಂದು ಕೊನೆಯವರೆಗೂ ತಿಳಿಯಲಿಲ್ಲ. ಕೆಲಸ ಮಾತ್ರ ಹೋಯಿತು. ಗಡಿಯ ಹತ್ತಿರದ ಒಂದು ಹಳ್ಳಿಯ ಚಿಕಿತ್ಸಾಲಯಕ್ಕೆ ಅವಳನ್ನು ದಬ್ಬಿದರು. ಡಾಕ್ಟರು ಮರಳಿ ಬರಲೇ ಇಲ್ಲ. ಅವರ ಪುಸ್ತಕದ ಮೊದಲ ಹಾಳೆ ಹರಿದು ಹಾಕಿ, ಹೆಸರಿಲ್ಲದ ಆ ಪುಸ್ತಕದಿಂದಲೇ ಪಾಠ ನಡೆಯುತ್ತಿತ್ತು. ಅದೇ ವರ್ಷಗಳಲ್ಲಿ ದೇರ್ ಅರಿಸ್ತಾಕೆಸ್ ಪಾದ್ರಿಯೂ ಕಾಣೆಯಾದರು.

ಜರ್ಮನಿಯೊಡನೆ ಯುದ್ಧ ಬಂದಾಗ ಗರ್ಸೆವಾನ್ ದಂಡಿನ ಆಸ್ಪತ್ರೆಗೆ ಹೋದ, ಕೆರ್ಚ್ ರಣರಂಗದಲ್ಲಿ ಸತ್ತ. ಹೂತದ್ದೆಲ್ಲಿ ಎಂದು ಯಾರೂ ತಿಳಿಸಲಿಲ್ಲ. ಅಧ್ಯಾಪಕರೆಲ್ಲ ರಣಕ್ಕೆ ಹೋಗಿ ತರಗತಿಗಳು ಅನಾಥವಾದಾಗ ಯಾರಿಗೋ ಹೈಕಾನುಷಳ ನೆನಪಾಯಿತು. ಕರೆ ಬಂತು. ಕ್ಷಮೆಯೂ ಇಲ್ಲ, ವಿವರಣೆಯೂ ಇಲ್ಲ, ಸೋಮವಾರದಿಂದ ಪಾಠ ಎಂದಷ್ಟೇ. ಅವಳು ಸೋಮವಾರ ಬಂದಳು. ಬೆಂಚುಗಳ ತುಂಬ ಹುಡುಗಿಯರು, ನಡುವೆ ಕೈ ಕಳೆದುಕೊಂಡು ರಣದಿಂದ ಮರಳಿದ ಇಬ್ಬರು ಗಂಡಸರು. ಕಿಟಕಿಯ ಬಳಿ ಮೇಷ್ಟ್ರು ಇದ್ದರು. ಒಂದೆರಡು ಬೆರಳ ಮೂಳೆ ಕಳೆದುಹೋಗಿ ಅಲ್ಲಿ ಮರದ ತುಂಡು ಕಟ್ಟಿದ್ದರು. ಅವಳು ಧೂಳು ಒರೆಸಿ ಪಾಠ ಶುರುಮಾಡಿದಳು.

ಐವತ್ತರ ದಶಕದ ಕೊನೆಯಲ್ಲಿ ಸಂಸ್ಥೆಗೆ ಹೊಸ ಕಟ್ಟಡಗಳೆದ್ದವು, ಪೆಟ್ಟಿಗೆ ಪೆಟ್ಟಿಗೆ ಹೊಸ ಅಸ್ಥಿಪಂಜರಗಳು ಬಂದವು. ಶಾಬಾಜ್ಯಾನರ ಹೆಸರು ಪುಸ್ತಕದ ಮೇಲೆ ಮತ್ತೆ ಅಚ್ಚಾಗಿತ್ತು. ವಿಭಾಗದ ಮುಖ್ಯಸ್ಥ ಅವಳದೇ ಶಿಷ್ಯ.

"ಮೇಡಂ, ಆ ಹಳೇದನ್ನ ಏನು ಮಾಡೋಣ? ನೀವು ಹೇಳಿದ ಹಾಗೆ."

ಮೇಷ್ಟ್ರನ್ನು ಹೂಳಬೇಕೆಂದು ಅವಳಿಗೆ ಆಸೆಯಾಯಿತು. ಅಂದು ಪಾದ್ರಿ ಚಿಕ್ಕ ಪೆಟ್ಟಿಗೆ ಹೂತಿದ್ದ ಜಾಗವನ್ನು ಹುಡುಕಿಕೊಂಡು ಕೊಜೆರ್ನ್ ಗುಡ್ಡಕ್ಕೆ ಹೋದಳು. ಅಲ್ಲಿ ಮನೆಗಳೆದ್ದಿದ್ದವು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು, ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರು ಗಂಡಸರು ಪಗಡೆ ಆಡುತ್ತಿದ್ದರು.

"ಯಾರನ್ನ ಹುಡುಕ್ತಿದೀರಮ್ಮ?" ಎಂದ ಒಬ್ಬ.

"ನಮ್ಮ ಮೇಷ್ಟ್ರನ್ನ. ಇಲ್ಲೇ ಇದ್ರು."

"ಮನೆ ಬದಲಾಯಿಸಿರಬೇಕು. ಬನ್ನಿ, ಬಿಸಿಲಲ್ಲಿ ನಿಂತಿದೀರಿ, ಒಂದು ಲೋಟ ನೀರು ಕುಡೀರಿ."

ಅವಳು ಕೂತು ನೀರು ಕುಡಿದು, ಅವರ ಆಟ ಮುಗಿಯುವ ತನಕ ನೋಡಿ ಮರಳಿದಳು. ಮುಖ್ಯಸ್ಥನಿಗೆ, "ಅಲ್ಲೇ ಇರ್ಲಿ. ಮೊದಲನೇ ವರ್ಷದವರಿಗೆ ಅದರಲ್ಲೇ ಹೇಳಿಕೊಡಿ" ಎಂದಳು.

ದೂರದ ಅಲೆಪ್ಪೊದಲ್ಲಿ ನೆಲೆಸಿದ್ದ ನಿರಾಶ್ರಿತರ ಕುಟುಂಬದಿಂದ ತಾಯ್ನಾಡಿಗೆ ಓದಲು ಬಂದ ಅನಾಹಿದ್ ಎಂಬ ಹುಡುಗಿಯೊಬ್ಬಳು ಅವಳ ಕೊನೆಯ ವರ್ಷಗಳ ಶಿಷ್ಯೆ. ಎಡಗಾಲಿನ ಮೂಳೆ ನೋಡಿ, "ಈ ಮನುಷ್ಯ ಮುರಿದ ಕಾಲಲ್ಲೇ ನಡೆದಿದಾನೆ. ಎಂಥ ದಡ್ಡ, ಯಾಕೆ ಕೂರಲಿಲ್ಲ?" ಎಂದಳು. ತರಗತಿ ನಕ್ಕಿತು. ಅಷ್ಟು ವರ್ಷ ಯಾವ ತರಗತಿಗೂ ಹೇಳದಿದ್ದುದನ್ನು ಹೈಕಾನುಷ್ ಅಂದು ಹೇಳಿದಳು. ಹೊಳೆ, ಗಾಡಿ, ದಾರಿ, ನೆಲಮಾಳಿಗೆ, ಮೇಷ್ಟ್ರು ಆಡಿದ ಮಾತು. ಪಾಠ ಹೇಳುವ ದನಿಯಲ್ಲೇ ಹೇಳಿದಳು. ಮುಗಿದ ಮೇಲೂ ಯಾರೂ ಏಳಲಿಲ್ಲ. ಅನಾಹಿದ್ ಮಾತ್ರ ಎದ್ದು ಬಂದು, "ನಮ್ಮಜ್ಜಿಯೂ ವಾನ್‌ನವರು" ಎಂದಳು.

ಹೈಕಾನುಷ್ ಅರವತ್ತೆಂಟನೆಯ ಇಸವಿಯಲ್ಲಿ ಪಾಠ ನಿಲ್ಲಿಸಿದಳು. ಆರೇಳು ವರ್ಷ ಮಗಳ ಮನೆಯಲ್ಲಿದ್ದು, ಕೊನೆಗೆ ಹಾಸಿಗೆ ಹಿಡಿದಳು. ಸೀರ್ವಾರ್ದ್ ಕೂಡ ವೈದ್ಯೆ. ಮನಸ್ಸಿನಲ್ಲಿ ಬಹಳ ದಿನದಿಂದ ಇಟ್ಟುಕೊಂಡಿದ್ದುದನ್ನು ಒಂದು ಬೆಳಗ್ಗೆ ಅಮ್ಮನ ತಲೆ ಬಾಚುತ್ತ ಕೇಳಿದಳು.

"ಅಮ್ಮ, ನೀನೂ ಮೇಷ್ಟ್ರ ಹಾಗೆ... ಸಂಸ್ಥೆಗೆ ಕೊಡ್ಬೇಕು ಅಂತ ಇದೆಯಾ? ಇದ್ರೆ ಹೇಳು. ನಾನು ಅಳಲ್ಲ."

"ಇಲ್ಲಮ್ಮ. ಅವರಿಗಿದ್ದ ಎದೆ ನನಗಿಲ್ಲ," ಎಂದಳು ಹೈಕಾನುಷ್. ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದಳು. "ನಮ್ಮಪ್ಪಂಗೆ ಗೋರಿ ಇಲ್ಲ, ಅಮ್ಮಂಗಿಲ್ಲ, ತಮ್ಮಂಗಿಲ್ಲ. ನಿಮ್ಮಪ್ಪಂಗೂ ಇಲ್ಲ. ಈ ಮನೇಲಿ ಒಬ್ಬರಿಗಾದ್ರೂ ಇರ್ಲಿ. ಕಲ್ಲು ಹಾಕ್ಸು. ಹೂ ಇಡೋಕೆ ನಿನಗೊಂದು ಜಾಗ ಬೇಕಲ್ಲ."

ಅವಳು ತೀರಿಕೊಂಡದ್ದು ಜೂನ್ ತಿಂಗಳಲ್ಲಿ, ಏಪ್ರಿಕಾಟ್ ಹಣ್ಣಾಗುವ ಕಾಲ. ಅವಳನ್ನು ಹೂಳುವ ದಿನವೇ ಮೊದಲ ವರ್ಷದವರಿಗೆ ಶರೀರರಚನೆಯ ಪರೀಕ್ಷೆ. ಮುಂದೂಡುವುದೇ ಎಂದು ಸಂಸ್ಥೆಯಿಂದ ಕೇಳಿಕಳಿಸಿದರು. ಬೇಡ, ಅಮ್ಮನಿಗೆ ಅದು ಹಿಡಿಸುತ್ತಿರಲಿಲ್ಲ ಎಂದಳು ಸೀರ್ವಾರ್ದ್. ಮಧ್ಯಾಹ್ನ ಪರೀಕ್ಷೆ ಮುಗಿದ ಮೇಲೆ ಹುಡುಗ ಹುಡುಗಿಯರು ಬಿಳಿ ಕೋಟನ್ನು ಬಿಚ್ಚದೆ, ಹಾಗೇ ಸ್ಮಶಾನದ ಕಡೆಗೆ ನಡೆದು ಬಂದರು. ಅವರಲ್ಲಿ ಹೆಚ್ಚಿನವರು ಅವಳನ್ನು ಕಣ್ಣಾರೆ ಕಂಡವರಲ್ಲ. ಅವರನ್ನು ಕರೆತಂದವಳು ಅನಾಹಿದ್, ಆಗ ಅವರಿಗೆ ಪಾಠ ಹೇಳುತ್ತಿದ್ದವಳು ಅವಳೇ. ಸಾಲಾಗಿ ಬಂದು ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು.